ಮೀನಿನ ಕರುಳಿನ ಮಿತ್ರಜೀವಿಗಳು

ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದ ಸೀಮೆಯವರಿಗೆ ಮೀನೆಂದೊಡನೆ ಶಾಂತಿಸಾಗರವೆಂಬ ಸೂಳೆಕೆರೆಯ ನೆನಪಾಗುವುದು ಸಹಜ. ಅಂತಹ ವಿಶಾಲವಾದ ಕೆರೆಯಲ್ಲಿ ಮೀನುಗಳು ಚದರಿ ಬಾಳುತ್ತವೆ. ಸಾಕುವ ಕೊಳದ ಸಂಗತಿ ಬೇರೆ. ಅಲ್ಲಿ ಅಲ್ಪ ಜಾಗದಲ್ಲಿ ಕಾಟ್ಲಾ, ರೋಹು, ಮೃಗಾಲ್ ಮುಂತಾದ ಗೆಂಡೆಗಳು ಕಿಕ್ಕಿರಿದಿರುತ್ತವೆ. ಒಂದಕ್ಕೆ ತಗಲಿದ ರೋಗ ನೀರಿನ ಮೂಲಕ ಬೇಗನೆ ಉಳಿದವಕ್ಕೂ ಹರಡಬಹುದು. ಏರೋಮೊನಾಸ್ ಹೈಡ್ರೊಫಿಲ ಎಂಬ ಬ್ಯಾಕ್ಟೀರಿಯ ಕೊಳದ ನೀರಿನಲ್ಲಿ ಸಾಮಾನ್ಯವಾಗಿಯೇ ಇರುತ್ತದೆ. ಮೀನು ಬಳಲಿದಾಗ ಅದು ಮೈಮೇಲೆ ಹುಣ್ಣನ್ನೂ ಹೊಟ್ಟೆಯಲ್ಲಿ ನೀರು ತುಂಬಿ ಉಬ್ಬುವ ರೋಗವನ್ನೂ ಉಂಟುಮಾಡುತ್ತದೆ. ಪ್ರತಿಜೀವಕ ಔಷಧಿಗಳನ್ನು ಪದೇ ಪದೇ ಬಳಸಿದರೆ, ಔಷಧಿಗೆ ಬಗ್ಗದ ರೋಗಾಣುಗಳ ಸಂತತಿ ಬೆಳೆಯುತ್ತದೆ. ಆದುದರಿಂದ ವಿಜ್ಞಾನಿಗಳು ಮತ್ತೊಂದು ಮಾರ್ಗವನ್ನು ಹಿಡಿದರು. ಉಪಕಾರಿಯಾದ ಜೀವಾಣುಗಳನ್ನು ಆಹಾರದೊಡನೆ ಮೀನಿಗೆ ಉಣಿಸುವುದೇ ಆ ಮಾರ್ಗ. ಇಂತಹ ಜೀವಾಣುಗಳಿಗೆ ಪ್ರೋಬಯಾಟಿಕ್‌ಗಳೆಂದು ಹೆಸರು.

ಈ ಆಲೋಚನೆ ಮೀನಿನಿಂದ ಆರಂಭವಾದುದಲ್ಲ. ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯಲ್ಲಿದ್ದ ಮೆಚ್ನಿಕಾಫ್ ಎಂಬ ವಿಜ್ಞಾನಿ, ಮೊಸರಿನಂತಹ ಹುಳಿಹಾಲಿನ ಜೀವಾಣುಗಳು ಮನುಷ್ಯನ ಕರುಳಿಗೆ ಹಿತಕರವೆಂದು 20ನೆಯ ಶತಮಾನದ ಆರಂಭದಲ್ಲಿ ವಾದಿಸಿದನು. ಬಿಳಿಯ ರಕ್ತಕಣಗಳು ರೋಗಾಣುಗಳನ್ನು ಕಬಳಿಸುವುದನ್ನು ಕಂಡುಹಿಡಿದು, 1908ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡವನೂ ಅವನೇ. ಕರುಳು ಮತ್ತು ರೋಗನಿರೋಧ ಎಂಬ ಈ ಎರಡು ವಿಷಯಗಳೂ ಮೀನಿನಲ್ಲಿ ಕೂಡಿಬರುವುದನ್ನು ನಾವು ಈಗ ನೋಡೋಣ.

ಗೆಂಡೆಗೆ ನಿಜವಾದ ಜಠರವಿಲ್ಲ; ನುಂಗಿದ ಆಹಾರ ನೇರವಾಗಿ ಉದ್ದವಾದ ಕರುಳನ್ನು ಸೇರುತ್ತದೆ. ಜಠರಾಮ್ಲದ ತಡೆ ಇಲ್ಲದುದರಿಂದ ಒಳ್ಳೆಯ ಜೀವಾಣುಗಳಿಗೂ ಕೆಟ್ಟವಕ್ಕೂ ದಾರಿ ಸುಗಮ. ಕರುಳಿನ ಗೋಡೆಯ ಲೋಳೆಯಲ್ಲಿ ಮಿತ್ರಜೀವಿಗಳು ಮೊದಲೇ ನೆಲೆಸಿದ್ದರೆ ರೋಗಾಣುವಿಗೆ ಅಂಟಿಕೊಳ್ಳಲು ಸ್ಥಳವೂ ತಿನ್ನಲು ಆಹಾರವೂ ದೊರೆಯುವುದು ಕಷ್ಟ. ಲ್ಯಾಕ್ಟಿಕ್ ಆಮ್ಲವನ್ನು ತಯಾರಿಸುವ ಬ್ಯಾಕ್ಟೀರಿಯಗಳು ರೋಗಾಣುಗಳ ಬೆಳವಣಿಗೆಯನ್ನು ತಡೆಯುತ್ತವೆ. ಬ್ಯಾಸಿಲಸ್ ಜಾತಿಯವು ಕೆಲವು ಕಿಣ್ವಗಳನ್ನು ಸ್ರವಿಸಿ, ತೌಡು ಹಿಂಡಿಗಳ ಜೀರ್ಣಕ್ಕೆ ನೆರವಾಗುತ್ತವೆ.

ಇದಕ್ಕಿಂತ ಸ್ವಾರಸ್ಯವಾದುದು ಮತ್ತೊಂದಿದೆ. ಕರುಳಿನ ಗೋಡೆಯಲ್ಲಿರುವ ರಕ್ಷಕ ಕಣಗಳು ಈ ಜೀವಾಣುಗಳ ಸಂಪರ್ಕದಿಂದ ಎಚ್ಚರಗೊಳ್ಳುತ್ತವೆ. ಅನೇಕ ಪ್ರಯೋಗಗಳಲ್ಲಿ ಬಿಳಿಯ ರಕ್ತಕಣಗಳ ಕಬಳಿಸುವ ಶಕ್ತಿಯೂ, ರೋಗಾಣುವಿನ ಕವಚವನ್ನು ಕರಗಿಸುವ ಲೈಸೊಜೈಮ್ ಎಂಬ ಕಿಣ್ವದ ಚಟುವಟಿಕೆಯೂ ಹೆಚ್ಚಿದುದು ಕಂಡುಬಂದಿದೆ. ಕರುಳಿನ ಮೂಲಕ ಇಡೀ ದೇಹವನ್ನು ಎಚ್ಚರಿಸಬಹುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವುಂಟು. ಮಂಗಳೂರಿನಲ್ಲಿ 1969ರಲ್ಲಿ ಸ್ಥಾಪಿತವಾದ ಮೀನುಗಾರಿಕಾ ಕಾಲೇಜಿನ ಸಂಶೋಧಕರು, ನಿರ್ಜೀವಗೊಳಿಸಿದ ಏರೋಮೊನಾಸ್ ರೋಗಾಣುಗಳನ್ನು ಆಹಾರದಲ್ಲಿ ಬೆರೆಸಿ ಗೆಂಡೆಗಳಿಗೆ ತಿನ್ನಿಸಿ, ಅವುಗಳಲ್ಲಿ ರೋಗನಿರೋಧ ಶಕ್ತಿ ಹುಟ್ಟುವುದನ್ನು 1999ರಲ್ಲಿ ಪ್ರಕಟಿಸಿದರು. ಅದು ಲಸಿಕೆ, ಒಂದು ರೋಗಾಣುವನ್ನು ಗುರುತಿಸಲು ಕಲಿಸುತ್ತದೆ. ಪ್ರೋಬಯಾಟಿಕ್ ಸಜೀವವಾದುದು, ಅದು ಮುಖ್ಯವಾಗಿ ಸಾಮಾನ್ಯ ರಕ್ಷಣೆಯನ್ನು ಬಲಪಡಿಸುತ್ತದೆ.

ಹಾಲಿಗೆ ಹೆಪ್ಪು ಹಾಕಿದಂತೆ ಒಮ್ಮೆ ಉಣಿಸಿದರೆ ಸಾಲದೇ ಎಂದು ಓದುಗರು ಕೇಳಬಹುದು. ಸಾಲದು. ಹಾಲು ಪಾತ್ರೆಯಲ್ಲಿ ನಿಂತಿರುತ್ತದೆ. ಕರುಳಿನಲ್ಲಿ ಆಹಾರ ಸದಾ ಹರಿಯುತ್ತಿರುತ್ತದೆ. ಉಣಿಸುವುದನ್ನು ನಿಲ್ಲಿಸಿದರೆ ಹೊಸಬರು ಸಾಮಾನ್ಯವಾಗಿ ಕ್ರಮೇಣ ಕಡಮೆಯಾಗುತ್ತಾರೆ. ಮೇಲಾಗಿ, ಮೀನಿನ ಮೈ ನೀರಿನಷ್ಟೇ ಬಿಸಿಯಾಗಿರುವುದರಿಂದ, ಮನುಷ್ಯದೇಹದ 37 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಒಗ್ಗಿದ ಜೀವಾಣು ಅಲ್ಲಿ ಚುರುಕಾಗಿರಲಾರದು. ಪ್ರಯೋಗಗಳಲ್ಲಿ ಸಾಮಾನ್ಯವಾಗಿ 1 ಗ್ರಾಂ ಆಹಾರಕ್ಕೆ ಹತ್ತು ಲಕ್ಷದಿಂದ ನೂರು ಕೋಟಿಯವರೆಗೆ ಸಜೀವ ಜೀವಾಣುಗಳನ್ನು ಬೆರೆಸುವರು. ಬಿಸಿಲಿನಲ್ಲಿ ಬಿದ್ದಿದ್ದ ಪೊಟ್ಟಣದಲ್ಲಿ ಅಷ್ಟು ಉಳಿದಿರುವುದು ಸಂದೇಹವೇ. ಒಣಗಿದರೂ ಸಾಯದ ಬೀಜಾಣುಗಳಾಗುವ ಬ್ಯಾಸಿಲಸ್‌ಗೆ ಬೇಡಿಕೆ ಹೆಚ್ಚಿರುವುದು ಈ ಕಾರಣದಿಂದಲೇ.

ಪ್ರಯೋಜನವನ್ನು ಅಳೆಯುವ ಕ್ರಮ ಸರಳವಾದುದು. ಒಂದೇ ಬಗೆಯ ನೀರು, ಮರಿ, ಆಹಾರಗಳಿರುವ ಹಲವು ತೊಟ್ಟಿಗಳನ್ನು ಸಿದ್ಧಪಡಿಸಿ, ಅರ್ಧದಷ್ಟಕ್ಕೆ ಮಾತ್ರ ಪ್ರೋಬಯಾಟಿಕ್ ಕೊಟ್ಟು, ತೂಕವನ್ನೂ ಬದುಕುಳಿದವುಗಳ ಸಂಖ್ಯೆಯನ್ನೂ ಹೋಲಿಸಬೇಕು. ಇಂತಹ ಹೋಲಿಕೆಯಿಲ್ಲದ ಹೊಗಳಿಕೆಯನ್ನು ನಾವು ನಂಬಬೇಕಾಗಿಲ್ಲ. ನೀರಿನಲ್ಲಿ ಆಮ್ಲಜನಕ ಕುಗ್ಗಿ, ತಿನ್ನದೆ ಉಳಿದ ಆಹಾರ ಕೊಳೆಯುತ್ತಿದ್ದರೆ ಯಾವ ಮಿತ್ರಜೀವಿಯೂ ಮೀನನ್ನು ಕಾಪಾಡಲಾರದು. ಕೊಳವನ್ನು ಶುಚಿಯಾಗಿಟ್ಟ ರೈತನಿಗೇ ಈ ಅದೃಶ್ಯ ಸಹಾಯಕರ ದುಡಿಮೆಯ ಫಲ ದೊರೆಯುವುದು.