ಟಿಕೆಟ್ ಬುಕ್ ಆಗಿದೆ, ಮೊಣಕಾಲು ರೆಡಿ ಆಗಿದೆಯೇ?

ಇಶಾ ನಮಾಝ್ ಮುಗಿದ ಮೇಲೆ ನಮ್ಮ ಊರುಗಳ ಟರ್ಫ್‌ಗಳು ತುಂಬಿ ಹೋಗುತ್ತವೆ. ಫುಟ್ಬಾಲ್, ಅಂಡರ್ ಆರ್ಮ್ ಕ್ರಿಕೆಟ್, ವಾಲಿಬಾಲ್ ಹೀಗೆ ಏನಾದರೊಂದು ನಡೆಯುತ್ತಲೇ ಇರ್ತದೆ. ಆಟದ ಜೊತೆಗೆ ಮೊಣಕಾಲಿನ ಗಾಯವೂ ಸಾಮಾನ್ಯವಾಗಿದೆ. ಇನ್ನೊಂದು ಕಡೆ ಯುವಕರ ಪ್ರವಾಸದ ಆಸೆಯೂ ಬೆಳೆದಿದೆ. ಮೊದಲು ಗೋವಾ ಎಂದರೆ ಸಾಕಿತ್ತು. ಈಗ ಚಳಿಗಾಲ ಬಂದರೆ ಗುಲ್ಮಾರ್ಗ್‌ನ ಹಿಮದಲ್ಲಿ ಸ್ಕೀಯಿಂಗ್ ಮಾಡಬೇಕು. ಗಲ್ಫ್‌ನಲ್ಲಿರುವವರು ರಜೆ ಸಿಕ್ಕಿದರೆ ಜಾರ್ಜಿಯಾಕ್ಕೆ ಹಾರುತ್ತಾರೆ.

ಹಾಗಾಗಿ ವೈದ್ಯರ ಮುಂದೆ ಈ ಪ್ರಶ್ನೆ ಬರುತ್ತದೆ: "ನವೆಂಬರ್‌ನಲ್ಲಿ ಕಾಲು ತಿರುಚಿದೆ, ಜನವರಿಗೆ ಟಿಕೆಟ್ ಆಗಿದೆ. ಅಷ್ಟರಲ್ಲಿ ಸರಿ ಆಗ್ತದಾ?" ಉತ್ತರ ಒಂದೇ. ಟಿಕೆಟ್‌ನ ತಾರೀಕು ಮೊಣಕಾಲಿಗೆ ಗೊತ್ತಿಲ್ಲ.

ಗೋವಾದ ಮೈದಾನ ಹೇಳುವ ಪಾಠ

ಭಾರತ ಫುಟ್ಬಾಲ್ ತಂಡದ ಡಿಫೆಂಡರ್ ಸಂದೇಶ್ ಜಿಂಗನ್ 2019ರ ಅಕ್ಟೋಬರ್‌ನಲ್ಲಿ ಗುವಾಹಟಿಯಲ್ಲಿ ಸ್ನೇಹಪರ ಪಂದ್ಯ ಆಡುವಾಗ ಮೊಣಕಾಲಿನ ಎಸಿಎಲ್ ಹರಿದುಕೊಂಡರು. ಕೋಲ್ಕತ್ತಾದಲ್ಲಿ ಬಾಂಗ್ಲಾದೇಶದ ವಿರುದ್ಧ ವಿಶ್ವಕಪ್ ಅರ್ಹತಾ ಪಂದ್ಯಕ್ಕೆ ಆಗ ಕೆಲವೇ ದಿನಗಳಿದ್ದವು. ಆ ಪಂದ್ಯ ಮಾತ್ರವಲ್ಲ, ಇಡೀ ಐಎಸ್‌ಎಲ್ ಸೀಸನ್ ಅವರಿಗೆ ತಪ್ಪಿತು. ಐಎಸ್‌ಎಲ್‌ನಲ್ಲಿ ಅವರು ಮತ್ತೆ ಕಣಕ್ಕಿಳಿದದ್ದು 2020ರ ನವೆಂಬರ್ 20ರಂದು, ಗೋವಾದ ಬಾಂಬೋಲಿಮ್ ಮೈದಾನದಲ್ಲಿ. ಕೋವಿಡ್ ಕಾರಣ ಆ ವರ್ಷದ ಎಲ್ಲಾ ಪಂದ್ಯಗಳು ಗೋವಾದಲ್ಲೇ ನಡೆದಿದ್ದವು. ಗಾಯಕ್ಕೂ ಆ ಪಂದ್ಯಕ್ಕೂ ನಡುವೆ 13 ತಿಂಗಳು ಕಳೆದಿತ್ತು. ಆ ಸೀಸನ್‌ಗೆ ಎಐಎಫ್‌ಎಫ್ ವರ್ಷದ ಆಟಗಾರ ಪ್ರಶಸ್ತಿ ಅವರಿಗೇ ಸಿಕ್ಕಿತು.

ನಂತರ ಎಫ್‌ಸಿ ಗೋವಾ ಸೇರಿದ ಜಿಂಗನ್‌ಗೆ 2024ರ ಜನವರಿಯಲ್ಲಿ, ಕತಾರ್‌ನ ಏಷ್ಯನ್ ಕಪ್‌ನಲ್ಲಿ ಸಿರಿಯಾ ವಿರುದ್ಧ ಆಡುವಾಗ ಮತ್ತೆ ಮೊಣಕಾಲಿಗೆ ಗಾಯವಾಯಿತು. ಆ ಸೀಸನ್‌ನ ಉಳಿದ ಭಾಗ ಹೋಯಿತು. 2024-25ರಲ್ಲಿ ಮತ್ತೆ ಗೋವಾ ಪರ ಆಡಿದರು. ಜೊತೆಗೇ ಫಿಸಿಯೋ, ಜಿಮ್, ವೈದ್ಯರು ಇರುವ ವೃತ್ತಿಪರ ಆಟಗಾರನಿಗೇ ಇಷ್ಟು ಸಮಯ ಬೇಕಾದರೆ, ವಾರಕ್ಕೊಮ್ಮೆ ಆಡುವ ನಮಗೆ ಎರಡು ತಿಂಗಳು ಸಾಕಾಗುವುದು ಹೇಗೆ?

ಎಸಿಎಲ್ ಎಂದರೇನು?

ತೊಡೆಯ ಮೂಳೆ ಮತ್ತು ಅದರ ಕೆಳಗಿನ ಮೂಳೆಯನ್ನು ಮೊಣಕಾಲಿನ ಒಳಗೆ ಹಿಡಿದಿಡುವ ಹಗ್ಗದಂಥ ಲಿಗಮೆಂಟ್ ಇದು. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ಕಾಲು ಅತಿಯಾಗಿ ತಿರುಚದಂತೆ ತಡೆಯುವುದು ಇದರ ಕೆಲಸ. ಬೂಟಿನ ಸ್ಟಡ್ ಟರ್ಫ್‌ನಲ್ಲಿ ಕಚ್ಚಿಕೊಂಡು ಮೈ ಮಾತ್ರ ತಿರುಗಿದರೆ ಅದು ಹರಿಯಬಹುದು.

ಸ್ಕೀಯಿಂಗ್‌ನಲ್ಲೂ ಹೀಗೆಯೇ. ಗಟ್ಟಿ ಬೂಟು ಪಾದದ ಗಂಟನ್ನು ಅಲುಗಾಡದಂತೆ ಹಿಡಿಯುತ್ತದೆ. ಉದ್ದದ ಸ್ಕೀ ಹಲಗೆ ಸನ್ನೆಕೋಲಿನ ಹಾಗೆ ಕೆಲಸ ಮಾಡುತ್ತದೆ. ಬಿದ್ದಾಗ ಅದು ತಿರುಗಿದರೆ ಆ ಬಲವೆಲ್ಲಾ ಮೊಣಕಾಲಿಗೆ ಬರುತ್ತದೆ. ಬೂಟನ್ನು ಸ್ಕೀಯಿಂದ ಬಿಡಿಸುವ ಬೈಂಡಿಂಗ್ ಇದ್ದರೂ ನಿಧಾನವಾಗಿ ತಿರುಚಿ ಬೀಳುವಾಗ ಅದು ಬಿಡದೇ ಇರಬಹುದು. ಆದ್ದರಿಂದ "ನಾನು ಮೆಲ್ಲ ಹೋಗ್ತೇನೆ, ಏನೂ ಆಗುದಿಲ್ಲ" ಎನ್ನುವುದು ಭರವಸೆಯಲ್ಲ.

ಗಾಯವಾದ ಕೂಡಲೇ

ಗಾಯದ ಕ್ಷಣದಲ್ಲಿ "ಟಪ್" ಎಂಬ ಸದ್ದು, ಒಂದೆರಡು ಗಂಟೆಯೊಳಗೆ ಊತ, ನಡೆಯುವಾಗ ಮೊಣಕಾಲು ಜಾರಿದಂತಾಗುವುದು ಇವು ಎಸಿಎಲ್ ಹರಿದಿರಬಹುದಾದ ಲಕ್ಷಣಗಳು. ಆಟ ನಿಲ್ಲಿಸಿ. ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು 15-20 ನಿಮಿಷ ಇಡಿ, ಬ್ಯಾಂಡೇಜ್ ಕಟ್ಟಿ, ಕಾಲನ್ನು ಎತ್ತರದಲ್ಲಿಡಿ. ಊತ ಇರುವಾಗ ಎಣ್ಣೆ ಹಾಕಿ ಜೋರಾಗಿ ತಿಕ್ಕಿಸುವುದು, ಎಳೆಸುವುದು ಬೇಡ. ಕಾಲು ಊರಲು ಆಗದಿದ್ದರೆ ಅಥವಾ ಮೊಣಕಾಲು ಲಾಕ್ ಆದರೆ ತಡ ಮಾಡದೆ ಮೂಳೆ ತಜ್ಞರಿಗೆ ತೋರಿಸಿ.

"ಎಕ್ಸ್‌ರೇ ನಾರ್ಮಲ್ ಉಂಟು" ಎಂದು ಸಮಾಧಾನಪಡುವವರು ಗಮನಿಸಿ: ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಲಿಗಮೆಂಟ್ ಕಾಣುವುದಿಲ್ಲ. ಅದಕ್ಕೆ ವೈದ್ಯರ ಕೈಪರೀಕ್ಷೆ, ಬೇಕಾದರೆ ಎಂಆರ್‌ಐ ಬೇಕು. ಎಲ್ಲಾ ಗಾಯಗಳೂ ಎಸಿಎಲ್ ಅಲ್ಲ. ಪಕ್ಕದ ಲಿಗಮೆಂಟ್‌ನ ಸಣ್ಣ ಉಳುಕು ಕೆಲವು ವಾರಗಳಲ್ಲಿ ವಾಸಿಯಾಗುತ್ತದೆ. ಎಸಿಎಲ್ ಹರಿದರೂ ಎಲ್ಲರಿಗೂ ಆಪರೇಷನ್ ಬೇಕೆಂದಿಲ್ಲ. ಆದರೆ ವ್ಯಾಯಾಮ ಎಲ್ಲರಿಗೂ ಬೇಕು.

ನೋವು ಹೋದರೆ ವಾಸಿಯಾಯಿತೇ?

ಹೆಚ್ಚಿನವರು ಎಡವುವುದು ಇಲ್ಲೇ. ಆಪರೇಷನ್ ಆಗಿ ಎರಡು-ಮೂರು ತಿಂಗಳಲ್ಲಿ ನೋವು ಇಳಿಯುತ್ತದೆ, ಬೈಕ್ ಓಡಿಸಲು ಆಗುತ್ತದೆ. ಆದರೆ ಒಳಗೆ ಕೂರಿಸಿದ ಹೊಸ ಲಿಗಮೆಂಟ್ ಇನ್ನೂ ಹಸಿ. ತೊಡೆಯ ಸ್ನಾಯು ಸೊರಗಿರುತ್ತದೆ. 2016ರಲ್ಲಿ ಪ್ರಕಟವಾದ, 106 ಮಂದಿಯನ್ನು ಗಮನಿಸಿದ ನಾರ್ವೆಯ ಅಧ್ಯಯನವೊಂದರಲ್ಲಿ, ಆಟಕ್ಕೆ ಮರಳುವುದನ್ನು ಒಂಬತ್ತು ತಿಂಗಳವರೆಗೆ ಮುಂದೂಡಿದ ಪ್ರತಿ ತಿಂಗಳಿಗೂ ಮತ್ತೆ ಗಾಯವಾಗುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯುತ್ತಾ ಹೋಗಿತ್ತು.

ಒಂಬತ್ತು ತಿಂಗಳು ಕನಿಷ್ಠ ಅವಧಿ, ಗ್ಯಾರಂಟಿ ಅಲ್ಲ. ಅಮೆರಿಕದ ಸ್ಕೀ ತಾರೆ ಲಿಂಡ್ಸೆ ವಾನ್ 2013ರ ಫೆಬ್ರವರಿಯಲ್ಲಿ ಎಸಿಎಲ್ ಹರಿದುಕೊಂಡರು. 2014ರ ಸೋಚಿ ಒಲಿಂಪಿಕ್ಸ್ ಗುರಿಯಾಗಿಟ್ಟು ತಯಾರಾಗುತ್ತಿದ್ದಾಗ ನವೆಂಬರ್‌ನಲ್ಲಿ ಅದೇ ಮೊಣಕಾಲಿಗೆ ಮತ್ತೆ ಪೆಟ್ಟಾಗಿ ಒಲಿಂಪಿಕ್ಸ್ ತಪ್ಪಿತು.

ಹಾಗಾದರೆ ಅಳತೆ ಯಾವುದು? ಫಿಸಿಯೋಥೆರಪಿಸ್ಟ್ ಹತ್ತಿರ ಇವನ್ನು ಪರೀಕ್ಷಿಸಿಕೊಳ್ಳಿ:

• ಮೊಣಕಾಲು ಪೂರ್ತಿ ನೇರವಾಗಬೇಕು, ಚೆನ್ನಾಗಿ ಮಡಚಬೇಕು.
• ವ್ಯಾಯಾಮದ ಮರುದಿನ ಊತ ಬರಬಾರದು.
• ಗಾಯದ ಕಾಲಿನ ತೊಡೆಯ ಬಲ ಇನ್ನೊಂದು ಕಾಲಿನ ಕನಿಷ್ಠ ಶೇ. 90ರಷ್ಟಿರಬೇಕು.
• ಒಂಟಿ ಕಾಲಲ್ಲಿ ಹಾರಿ ಇಳಿಯುವಾಗ ಮೊಣಕಾಲು ಒಳಕ್ಕೆ ವಾಲಬಾರದು.
• "ಬೀಳ್ತೇನೋ" ಎಂಬ ಹೆದರಿಕೆ ಮನಸ್ಸಿನಿಂದ ಹೋಗಿರಬೇಕು.

ನಮಾಝ್ ಮತ್ತು ಪ್ರಯಾಣ

ಸುಜೂದ್‌ನಲ್ಲಿ, ಅತ್ತಹಿಯ್ಯಾತ್‌ನಲ್ಲಿ ಮೊಣಕಾಲು ಪೂರ್ತಿ ಮಡಚಬೇಕಾಗುತ್ತದೆ. ಯುವಕರು ಕುರ್ಚಿಯಲ್ಲಿ ಕೂರಲು ನಾಚುತ್ತಾರೆ. ರೋಗಿಗೆ ದೀನ್‌ನಲ್ಲಿ ರಿಯಾಯಿತಿ ಇದೆ. ಹೇಗೆ ನಿರ್ವಹಿಸಬೇಕೆಂದು ಉಸ್ತಾದರಲ್ಲಿ ಕೇಳಿ, ಎಷ್ಟು ಮಡಚಬಹುದು ಎಂದು ವೈದ್ಯರಲ್ಲಿ ಕೇಳಿ.

ಟಿಕೆಟ್ ಕ್ಯಾನ್ಸಲ್ ಮಾಡಲೇಬೇಕೆಂದಿಲ್ಲ. ಗುಲ್ಮಾರ್ಗ್‌ಗೆ ಹೋಗಿ ಗೊಂಡೋಲಾದಲ್ಲಿ ಕುಳಿತು ಹಿಮ ನೋಡಬಹುದು, ಸ್ಕೀಯನ್ನು ಮುಂದಿನ ವರ್ಷಕ್ಕಿಡಿ. ಗೋವಾಕ್ಕೆ ಹೋದರೂ ಮರಳಿನಲ್ಲಿ ಓಟ, ಬೀಚ್ ಫುಟ್ಬಾಲ್, ಪ್ಯಾರಾಸೈಲಿಂಗ್ ಬೇಡ. ಆಪರೇಷನ್ ಆಗಿ ಕೆಲವೇ ವಾರಗಳಾಗಿದ್ದರೆ ದೂರ ಪ್ರಯಾಣಕ್ಕೆ ಮೊದಲು ವೈದ್ಯರನ್ನು ಕೇಳಿ, ದಾರಿಯಲ್ಲಿ ಆಗಾಗ ಕಾಲು ಆಡಿಸಿ. ಮೀನಖಂಡ ಊದಿ ನೋವಾದರೆ, ಉಸಿರು ಕಟ್ಟಿದಂತಾದರೆ ನೇರ ಆಸ್ಪತ್ರೆಗೆ ಹೋಗಿ, ಅದು ರಕ್ತ ಹೆಪ್ಪುಗಟ್ಟಿದ ಲಕ್ಷಣ ಇರಬಹುದು. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸುವವರು ಸ್ಕೀಯಿಂಗ್‌ಗೆ, ಹಳೆಯ ಗಾಯಕ್ಕೆ ಅದು ಅನ್ವಯಿಸುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಗುಂಪಿನಲ್ಲಿ ಹೋಗುವ ಗೆಳೆಯರಿಗೂ ಒಂದು ಮಾತು: "ಬಾ ಮಾರಾಯ, ಒಂದು ರೌಂಡ್ ಮಾತ್ರ" ಎಂದು ಒತ್ತಾಯ ಮಾಡಬೇಡಿ. ಹಿಮ ಮುಂದಿನ ವರ್ಷವೂ ಬೀಳುತ್ತದೆ. ಆದರೆ ಎರಡನೇ ಬಾರಿ ಹರಿದ ಮೊಣಕಾಲು ಮೊದಲಿನಂತಾಗುವುದು ಇನ್ನೂ ಕಷ್ಟ. ಈ ಮೊಣಕಾಲಿನಲ್ಲೇ ದುಡಿದು ಮನೆ ನಡೆಸಬೇಕು, ಇನ್‌ಶಾ ಅಲ್ಲಾಹ್ ಒಂದು ದಿನ ತವಾಫ್ ಮಾಡಬೇಕು.