ಹಿಡಿದ ಕೈ ಬಿಡದ ಕಾಯಿಲೆ

ಹತ್ತನೇ ತರಗತಿಯಲ್ಲಿ ಅನುವಂಶೀಯತೆಯ ಪಾಠ ನಡೆಯುವಾಗ ಮೆಂಡೆಲ್‌ನ ಬಟಾಣಿ ಗಿಡ ಮುಗಿಯುತ್ತಿದ್ದಂತೆ ಮಕ್ಕಳ ಪ್ರಶ್ನೆಗಳು ಗಿಡ ಬಿಟ್ಟು ಮನೆಗೆ ಬರುತ್ತವೆ. ಒಮ್ಮೆ ಒಬ್ಬ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದಳು: "ಸಾರ್, ನಮ್ಮ ಅಕ್ಕನಿಗೆ ಮಾಂಸಖಂಡದ ಕಾಯಿಲೆ ಅಂತಾರೆ. ಮದುವೆ ಮಾಡಬಹುದಾ? ಮಕ್ಕಳಾದರೆ ಅವಕ್ಕೂ ಬರುತ್ತಾ?"

"ಕಾಯಿಲೆಯ ಹೆಸರೇನಮ್ಮಾ?" ಎಂದೆ. ಅವಳಿಗೆ ಗೊತ್ತಿರಲಿಲ್ಲ, ಮನೆಯವರಿಗೂ ಗೊತ್ತಿರಲಿಲ್ಲ. ನಾನು ವಿಜ್ಞಾನದ ಮೇಷ್ಟ್ರು, ವೈದ್ಯನಲ್ಲ. ಆದರೆ ಅವಳ ಎರಡೂ ಪ್ರಶ್ನೆಗಳ ಉತ್ತರ ಆ ಹೆಸರಿನಲ್ಲೇ ಇದೆ ಎನ್ನುವಷ್ಟು ನನಗೂ ಗೊತ್ತು.

ಕೆ.ಜಿ.ಎಫ್.ನ ಹಿರಿಯರಿಗೆ ಕಾಯಿಲೆ ಎಂದರೆ ಮೊದಲು ನೆನಪಾಗುವುದು ಸಿಲಿಕೋಸಿಸ್. ಗಣಿಯ ಕಲ್ಲುಧೂಳು ಶ್ವಾಸಕೋಶ ಸೇರಿ ಬರುತ್ತಿದ್ದ ರೋಗ ಅದು. ತಂದೆ ಮಗ ಇಬ್ಬರಿಗೂ ಬಂದಿದ್ದರೆ ಕಾರಣ ರಕ್ತವಲ್ಲ, ಇಬ್ಬರೂ ಅದೇ ಗಣಿಗೆ ಇಳಿದದ್ದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಹೊಸ ಧೂಳು ನಿಂತಿತು. ಸ್ನಾಯುವಿನ ಅನುವಂಶಿಕ ಕಾಯಿಲೆ ಹಾಗಲ್ಲ. ಅದು ಕುಳಿತಿರುವುದು ಜೀನಿನಲ್ಲಿ, ಅದು ಇಳಿದು ಬರುವ ದಾರಿಯೂ ಒಂದೇ ಅಲ್ಲ.

ಸೊಂಟ, ಭುಜಗಳ ಸ್ನಾಯು ಕರಗುವ ಬಗೆಯನ್ನು ನೋಡಿ. ಇದರಲ್ಲಿ ಹೆಚ್ಚಿನವು ಬರಬೇಕಾದರೆ ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬರಬೇಕು. ಒಂದೇ ಇದ್ದವರು ಆರೋಗ್ಯವಾಗಿಯೇ ಇರುತ್ತಾರೆ, ಕೇವಲ ವಾಹಕರು. ಇಂಥ ಕಾಯಿಲೆಯ ಹುಡುಗಿ ಸಂಬಂಧವಿಲ್ಲದ ಮನೆಗೆ ಸೊಸೆಯಾಗಿ ಹೋದರೆ ಮಕ್ಕಳೆಲ್ಲ ವಾಹಕರಾಗುತ್ತಾರೆ, ರೋಗಿಗಳಾಗುವುದು ಅಪರೂಪ. ಸೋದರಮಾವನಿಗೇ ಕೊಟ್ಟರೆ? ವಿದ್ಯಾರ್ಥಿಗಳೇ, ಲೆಕ್ಕ ಹಾಕಿ. ಅವಳ ತಾಯಿ ವಾಹಕಿ. ತಾಯಿಗೆ ಆ ಜೀನ್ ಬಂದದ್ದು ತನ್ನ ಹೆತ್ತವರಲ್ಲಿ ಒಬ್ಬರಿಂದ. ಆದ್ದರಿಂದ ತಾಯಿಯ ತಮ್ಮನೂ ವಾಹಕನಾಗಿರುವ ಸಾಧ್ಯತೆ ಅರ್ಧ. ಅವನು ಅದನ್ನು ಮಗುವಿಗೆ ಕೊಡುವ ಸಾಧ್ಯತೆ ಮತ್ತೆ ಅರ್ಧ. ಗುಣಿಸಿದರೆ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು. "ಕಾಯಿಲೆ ಇರುವ ಹುಡುಗಿಯನ್ನು ಹೊರಗಿನವರು ಯಾರು ಮಾಡಿಕೊಳ್ಳುತ್ತಾರೆ, ಮಾವನೇ ಕಟ್ಟಿಕೊಳ್ಳಲಿ" ಎನ್ನುವ ನಮ್ಮ ಕಡೆಯ ಕರುಣೆ ಎಷ್ಟು ದುಬಾರಿ ನೋಡಿ! 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ನಡೆದ ಸಮೀಕ್ಷೆಯಲ್ಲಿ ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದಲ್ಲೇ ಆಗಿತ್ತು.

ಡುಶೇನ್ ಎಂಬ ಇನ್ನೊಂದು ಬಗೆ ಬಹುತೇಕ ಗಂಡುಮಕ್ಕಳಿಗೇ ಬರುತ್ತದೆ. ವಾಹಕಿಯಾದ ತಾಯಿ ಗಟ್ಟಿಮುಟ್ಟಾಗಿ ಕಂಡರೂ ಅವಳ ಹೃದಯದ ಸ್ನಾಯು ದುರ್ಬಲವಾಗಿರಬಹುದು. ಬಸುರಿಯಾಗುವ ಮೊದಲೇ ಎಕೋ ಪರೀಕ್ಷೆ ಮಾಡಿಸಬೇಕು.

ಎಲ್ಲಕ್ಕಿಂತ ವಿಚಿತ್ರವಾದದ್ದು ಮಯೋಟಾನಿಕ್ ಡಿಸ್ಟ್ರೋಫಿ. 1909ರಲ್ಲಿ ಜರ್ಮನಿಯ ಸ್ಟೈನರ್ಟ್ ವಿವರಿಸಿದ ಕಾಯಿಲೆ. ಕೈ ಕುಲುಕಿದರೆ ಹಿಡಿದ ಕೈಯನ್ನು ತಕ್ಷಣ ಬಿಡಲಾಗುವುದಿಲ್ಲ, ಬೆರಳುಗಳು ನಿಧಾನವಾಗಿ ಬಿಚ್ಚಿಕೊಳ್ಳುತ್ತವೆ. ಇದಕ್ಕೆ ತಂದೆ ತಾಯಿಯರಲ್ಲಿ ಒಬ್ಬರ ಜೀನ್ ಸಾಕು. ಪ್ರತಿ ಮಗುವಿಗೂ ಅರ್ಧ ಪಾಲು ಅಪಾಯ. 1992ರಲ್ಲಿ ಇದರ ಗುಟ್ಟು ಬಯಲಾಯಿತು. ಹತ್ತೊಂಬತ್ತನೇ ವರ್ಣತಂತುವಿನಲ್ಲಿ ಸಿ, ಟಿ, ಜಿ ಎಂಬ ಮೂರಕ್ಷರ ಮತ್ತೆ ಮತ್ತೆ ಬರುತ್ತದೆ. ಆರೋಗ್ಯವಂತರಲ್ಲಿ 5ರಿಂದ 34 ಸಲ, ರೋಗಿಗಳಲ್ಲಿ 50ಕ್ಕಿಂತ ಹೆಚ್ಚು. ತಲೆಮಾರು ದಾಟುವಾಗ ಇದು ಬೆಳೆಯುತ್ತದೆ. ಅಜ್ಜನಿಗೆ ಬೇಗ ಬಂದ ಕಣ್ಣಿನ ಪೊರೆ ಮಾತ್ರ. ತಾಯಿಗೆ ಕೈ ಬಿಗಿತ, ಹಗಲಲ್ಲೂ ತೂಕಡಿಕೆ. ಮಗುವಿಗೆ ಸಾವಿರ ಸಲಕ್ಕೂ ಮೀರಿ! ಅಂಥ ಕೂಸು ಹುಟ್ಟುವಾಗಲೇ ಹತ್ತಿಯ ಗೊಂಬೆಯಂತೆ ಮೆತ್ತಗಿರುತ್ತದೆ, ಹಾಲು ಚೀಪಲಾರದು, ಕೆಲವೊಮ್ಮೆ ಉಸಿರಾಡಲಾರದು. ಹುಟ್ಟಿನಿಂದಲೇ ಬರುವ ಈ ತೀವ್ರ ರೂಪ ಬಹುತೇಕ ತಾಯಿಯ ಕಡೆಯಿಂದಲೇ ಬರುತ್ತದೆ. ಎಷ್ಟೋ ಹೆಂಗಸರಿಗೆ ತಮಗೆ ಕಾಯಿಲೆ ಇದೆ ಎಂದು ತಿಳಿಯುವುದೇ ಇಂಥ ಮಗು ಹುಟ್ಟಿದ ಮೇಲೆ. ಆಗ ಮನೆಯಲ್ಲಿ ಸೊಸೆಯ ಕಾಲ್ಗುಣದ ಮಾತು ಬರುತ್ತದೆ. ಜೀನ್ ಕೊಟ್ಟ ಅಜ್ಜ ಮೂಲೆಯಲ್ಲಿ ಕನ್ನಡಕ ಹಾಕಿಕೊಂಡು ಕುಳಿತಿರುತ್ತಾನೆ.

ಹಾಗಾದರೆ ಇವರು ತಾಯಿಯಾಗಬಾರದೇ? ಹಾಗೇನಿಲ್ಲ. ಸ್ನಾಯು ಕಾಯಿಲೆಯ ಅನೇಕರು ಕ್ಷೇಮವಾಗಿ ಹೆತ್ತಿದ್ದಾರೆ. ಆದರೆ ತಯಾರಿ ಬೇಕು. ಸೊಂಟ ಭುಜದ ಬಗೆಯವರಲ್ಲಿ ಬಸಿರಿನ ಭಾರಕ್ಕೆ ನಡಿಗೆ ಇನ್ನಷ್ಟು ಕಷ್ಟವಾಗಬಹುದು. ಕೆಲವರಿಗೆ ಹೆರಿಗೆಯ ನಂತರವೂ ಹೋದ ಬಲ ಪೂರ್ತಿ ಮರಳದು. ಉಸಿರಿನ ಬಲವನ್ನು ಮೊದಲೇ ಅಳೆಯಬೇಕು. ಮಯೋಟಾನಿಕ್ ಬಗೆಯವರಿಗೆ ಇ.ಸಿ.ಜಿ. ಬೇಕೇ ಬೇಕು, ಏಕೆಂದರೆ ಹೃದಯದ ಮಿಡಿತದ ಲಯ ತಪ್ಪಬಹುದು. ರೋಗವಿರುವ ಕೂಸು ಗರ್ಭದಲ್ಲಿ ನೀರು ನುಂಗದಿದ್ದರೆ ಗರ್ಭಜಲ ಹೆಚ್ಚುತ್ತದೆ, ಅವಧಿಗೆ ಮುನ್ನ ನೋವು ಬರಬಹುದು. ಹೆರಿಗೆ ಎಳೆಯಬಹುದು, ಆಮೇಲೆ ಗರ್ಭಕೋಶ ಬಿಗಿಯಾಗದೆ ರಕ್ತ ಹೆಚ್ಚು ಹೋಗಬಹುದು.

ಸಿಸೇರಿಯನ್ ಆದರೆ ನಿಜವಾದ ಅಪಾಯ ಇರುವುದು ಅರಿವಳಿಕೆಯಲ್ಲಿ. ಸಕ್ಸಿನೈಲ್‌ಕೋಲೀನ್ ಎಂಬ ಔಷಧ ಇವರ ದವಡೆಯನ್ನೇ ಬಿಗಿದುಬಿಡಬಹುದು. ಮಂಪರಿನ ಮದ್ದು, ಮಾರ್ಫಿನ್ ಜಾತಿಯ ನೋವಿನ ಮದ್ದು ಸಾಮಾನ್ಯ ಪ್ರಮಾಣದಲ್ಲೇ ಉಸಿರು ಕುಗ್ಗಿಸಬಹುದು. ವೈದ್ಯರಿಗೆ ಮೊದಲೇ ಗೊತ್ತಿದ್ದರೆ ಬೇರೆ ದಾರಿ ಹಿಡಿಯುತ್ತಾರೆ.

ಗರ್ಭದ ಮಗುವಿಗೆ ಕಾಯಿಲೆ ಇದೆಯೇ ಎಂದು 11ರಿಂದ 13ನೇ ವಾರದಲ್ಲಿ ಮಾಸಿನ ಚೂರಿನಿಂದ, ಇಲ್ಲವೇ 16ನೇ ವಾರದ ಹೊತ್ತಿಗೆ ಗರ್ಭಜಲದಿಂದ ಪರೀಕ್ಷಿಸಬಹುದು. ತಾಯಿಯ ಜೀನಿನ ದೋಷ ಯಾವುದೆಂದು ಮೊದಲೇ ತಿಳಿದಿದ್ದರೆ ಮಾತ್ರ ಇದು ಸಾಧ್ಯ. ಫಲಿತಾಂಶ ನೋಡಿ ಏನು ಮಾಡಬೇಕೆನ್ನುವುದು ಆ ತಾಯಿಯ ತೀರ್ಮಾನ, ಅತ್ತೆಯದಲ್ಲ.

ಹೆಸರು ತಿಳಿಯಲು ದೂರ ಹೋಗಬೇಕಾಗಿಲ್ಲ. ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ದಿನವೂ ಕೆಲಸಕ್ಕೆ ಹೋಗುವವರ ರೈಲಿದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ನರ ಮತ್ತು ಸ್ನಾಯು ಕಾಯಿಲೆಗಳ ತಜ್ಞರಿದ್ದಾರೆ. ಹಳೆಯ ಚೀಟಿಗಳನ್ನೂ, ಮನೆಯಲ್ಲಿ ಯಾರಿಗೆ ಏನಿತ್ತು ಎಂದು ಮೂರು ತಲೆಮಾರಿನ ವಂಶವೃಕ್ಷವನ್ನೂ ಬರೆದುಕೊಂಡು ಹೋಗಿ. ವಂಶವೃಕ್ಷ ಬರೆಯುವುದನ್ನು ನಿಮ್ಮ ಮನೆಯ ಹತ್ತನೇ ತರಗತಿಯ ಮಕ್ಕಳಿಗೇ ಬಿಡಿ, ಪಾಠದಲ್ಲೇ ಕಲಿತಿರುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸ್ನಾಯುಕ್ಷಯವೂ ಸೇರಿದೆ, ಪ್ರಮಾಣಪತ್ರವನ್ನೂ ಕೇಳಬಹುದು.

ಹೆಸರು ಸಿಕ್ಕಿದ ಮೇಲೆ ಅದನ್ನು ತಾಯಿ ಕಾರ್ಡಿನ ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ಬರೆಸಿ. ನಡುರಾತ್ರಿ ನೋವು ಕಾಣಿಸಿಕೊಂಡು ಬಂಗಾರಪೇಟೆಯಿಂದ ಕೋಲಾರದ ಎಸ್.ಎನ್.ಆರ್. ಆಸ್ಪತ್ರೆಗೆ ಆಂಬುಲೆನ್ಸ್ ಓಡಬೇಕಾಗಿ ಬಂದರೆ, ಅಲ್ಲಿ ಸಿರಿಂಜ್ ಕೈಗೆತ್ತಿಕೊಳ್ಳುವ ವೈದ್ಯರು ಮೊದಲು ನೋಡುವುದು ಆ ಪುಟವನ್ನೇ.