ಪೆನ್ಸಿಲ್‌ಗೆ ಮೊದಲು ಬೆರಳುಗಳು ಬಲಿಯಲಿ

ಮೂರು ವರ್ಷದ ಮಗು ಅಕ್ಷರ ಬರೆಯುವುದಿಲ್ಲವೆಂದು ಗದರಿಸುತ್ತಿದ್ದೀರಾ? ತುಸು ತಾಳಿ. ಮಣಿಕಟ್ಟಿನ 8 ಎಲುಬುಗಳು ಹುಟ್ಟುವಾಗ ಬರೀ ಮೃದ್ವಸ್ಥಿ. ಅವು ಗಟ್ಟಿಯಾಗಲು ವರ್ಷಗಳೇ ಬೇಕು. ಈಗಲೇ ಒತ್ತಾಯಿಸಿದರೆ ಪುಟ್ಟ ಕೈ ಸೋಲುತ್ತದೆ, ಮಗುವಿಗೆ ಬರವಣಿಗೆಯೇ ಬೇಡವಾಗುತ್ತದೆ.

ಬೆರಳುಗಳಿಗೆ ಬೇಕಾದ ಕಸರತ್ತು ನಿಮ್ಮ ಮನೆಯಲ್ಲೇ ಇದೆ. ಚಪಾತಿ ಹಿಟ್ಟಿನ ಒಂದು ಉಂಡೆ ಕೊಡಿ, ನಾದಲಿ, ಹಿಚುಕಲಿ. ಹಳೆಯ ಪತ್ರಿಕೆ ಹರಿಯಲಿ. ಒದ್ದೆ ಸ್ಪಂಜು ಹಿಂಡಲಿ. ಬಟ್ಟೆಯ ಕ್ಲಿಪ್ಪುಗಳನ್ನು ಹಗ್ಗಕ್ಕೆ ಸಿಕ್ಕಿಸಲಿ. ತಡವಾದರೂ ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಳ್ಳಲಿ. ಬಟಾಣಿ ಸುಲಿಯುವಾಗ, ಮಣಿ ಪೋಣಿಸುವಾಗ ಮಾತ್ರ ಜೊತೆಗಿರಿ. ಎಳೆಯ ಮಕ್ಕಳು ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಲುಕೀತು.

ಐದು ದಾಟಿದರೂ ಇಂಥ ಕೆಲಸಗಳು ತೀರಾ ಕಷ್ಟವೆನಿಸಿದರೆ ಮಕ್ಕಳ ವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ, ಗೆರೆ ಸೊಟ್ಟಗಾದರೂ ಬೆನ್ನು ತಟ್ಟಿ.